ಬಿಗಿಬಾಯಿ ಗೆದ್ದ ವರ್ಷ

ಅನುಸೂಯಳಿಗೆ ನಗು ತಡೆದುಕೊಳ್ಳಲು ಬರುತ್ತಿರಲಿಲ್ಲ. ಮದುವೆಯಾಗಿ ಜವನಗೊಂಡನಹಳ್ಳಿಯಿಂದ ಚಿಕ್ಕಜಾಜೂರಿಗೆ ಬಂದ ಮೊದಲ ವಾರವೇ ಅದು ಬೀದಿಗೆಲ್ಲ ಗೊತ್ತಾಯಿತು. ಮಾವ ಚಿಕ್ಕತಿಮ್ಮಪ್ಪನವರು ರೈಲ್ವೆಯಲ್ಲಿ ಗೇಟ್‌ಮನ್. ಒಂದು ಸಂಜೆ ಡ್ಯೂಟಿ ಮುಗಿಸಿ ಬಂದು ಜಗಲಿಯ ಮೇಲೆ ಕುಳಿತವರು, ಮುಖದ ಒಂದು ಗೆರೆಯೂ ಅಲುಗದಂತೆ, ‘ಇವತ್ತೊಂದು ಎಮ್ಮೆ ಬಂದು ಗೇಟು ತಗೀರಿ ಅಂತ ನನ್ನ ಹತ್ರ ವಾದ ಹಾಕ್ತು’ ಎಂದರು. ಹೊಸ ಸೊಸೆ ಅಡುಗೆಮನೆಯಲ್ಲಿ ನಕ್ಕ ರಭಸಕ್ಕೆ ಕೈಯಲ್ಲಿದ್ದ ಚೊಂಬು ಬಚ್ಚಲಿನವರೆಗೂ ಉರುಳಿಕೊಂಡು ಹೋಯಿತು. ಅತ್ತೆ ಚಂದ್ರಕ್ಕ ಬೈಯಬೇಕೆಂದು ಬಾಯಿ ತೆರೆದು, ತಾನೂ ನಕ್ಕುಬಿಟ್ಟಳು. ಅಲ್ಲಿಂದಾಚೆಗೆ ಆ ಮನೆಯಲ್ಲಿ ಅನುಸೂಯಳನ್ನು ನಗಿಸುವುದು ಎಲ್ಲರಿಗೂ ಒಂದು ಪುಕ್ಕಟೆ ಮನರಂಜನೆಯಾಯಿತು.

ದೊಡ್ಡ ಮಗ ಮೋಹನ್‌ಕುಮಾರ್, ಅವನ ಹೆಂಡತಿ ವೀರಮ್ಮ, ಅವರ ಮಕ್ಕಳು ಗೋಡೆಯಾಚೆಗಿನ ಮನೆಯಲ್ಲಿ. ಈಚೆಗೆ ಮಾವ, ಅತ್ತೆ, ಎರಡನೆಯ ಮಗ ಪ್ರಸನ್ನಕುಮಾರ್, ಅವನ ಹೆಂಡತಿ ಅನುಸೂಯ, ಮಗಳು ರಮ್ಯಾ. ಪ್ರಸನ್ನಕುಮಾರನದು ಸ್ಟೇಷನ್ ರಸ್ತೆಯಲ್ಲಿ ಸೈಕಲ್ ಅಂಗಡಿ. ಹೊಗೆಯಾಡುವುದು ಎರಡು ಒಲೆಯಾದರೂ ಸಾರಿನ ಪಾತ್ರೆ ದಿನವಿಡೀ ಗೋಡೆ ಹತ್ತಿ ಇಳಿಯುತ್ತಿತ್ತು. ಇದು ಸಾಲದೆಂಬಂತೆ ಮದಕರಿಪುರದಿಂದ ಮಾವನ ಅಕ್ಕ ದುರುಗಕ್ಕ, ಕರೆದರೂ ಬರುವಳು, ಕರೆಯದಿದ್ದರೂ ಬರುವಳು.

ತೊಂಬತ್ತೊಂದರಿಂದ ಈ ಸಂಸಾರಕ್ಕೆ ಒಂದು ರೂಢಿ ಅಂಟಿಕೊಂಡಿತು. ಸಂಕ್ರಾಂತಿ ಕಳೆದ ಭಾನುವಾರ ಓಬಯ್ಯನ ಮೆಟಡೋರ್ ವ್ಯಾನು ಬಾಡಿಗೆಗೆ ಮಾಡಿಕೊಂಡು ಎಲ್ಲರೂ ಹೊರಡುವುದು. ಮೊದಲ ಸಲ ದುರ್ಗದ ಕೋಟೆಗೆ ಹೋದರು. ಬುತ್ತಿಯ ರೊಟ್ಟಿಯನ್ನೆಲ್ಲ ಕೋತಿಗಳು ಉಂಡವು. ಮರುವರ್ಷ ಜೋಗಿಮಟ್ಟಿ ಎಂದರು. ದುರುಗಕ್ಕ ಅರ್ಧ ಏರಿ, ‘ನನ್ನನ್ನ ಇಲ್ಲೇ ಬಿಟ್ಟು ಹೋಗ್ರಿ, ಸತ್ರೆ ಮ್ಯಾಲಿಂದಾನೆ ನೋಡ್ತೀನಿ’ ಎಂದು ಕುಳಿತುಬಿಟ್ಟಳು. ಆಮೇಲೆ ಮಾರಿಕಣಿವೆಯ ಅಣೆಕಟ್ಟೆ ಖಾಯಂ ಆಯಿತು. ಏರುವ ಕಷ್ಟವಿಲ್ಲ, ಕಣ್ತುಂಬ ನೀರು, ಕೆಳಗೆ ಮರದ ನೆರಳು, ಹುಳಿಯನ್ನ ಮೊಸರನ್ನಕ್ಕೆ ಬೇರೆ ಇನ್ನೇನು ಬೇಕು.

ಹೊಳಲ್ಕೆರೆಯ ಬಯಲು ಗಣಪತಿಗೆ ಕಾಯಿ ಒಡೆಸಿ ವ್ಯಾನು ಹೊಸದುರ್ಗದ ಕಡೆಗೆ ತಿರುಗಿದೊಡನೆ ಓಬಯ್ಯ ಉದ್ದಕ್ಕೆ ಒಂದು ಹಾರ್ನ್ ಹೊಡೆಯುತ್ತಿದ್ದ. ಆಗ ‘ಬಿಗಿಬಾಯಿ’ ಶುರು. ಹೊಸದುರ್ಗ ಬರುವವರೆಗೆ ಯಾರೂ ನಗುವಂತಿಲ್ಲ. ನಕ್ಕವರು ಹಿಂದಿನ ಸೀಟಿಗೆ ಹೋಗಿ, ಉಳಿದವರನ್ನು ನಗಿಸಲು ಕೂಗಬಹುದು, ಕುಣಿಯಬಹುದು, ಏನು ಬೇಕಾದರೂ ಮಾಡಬಹುದು. ಎಲ್ಲರಿಗಿಂತ ಮೊದಲು ನಕ್ಕವರು ಅಂದಿನ ಪಾತ್ರೆ ತೊಳೆಯಬೇಕು. ಕೊನೆಯವರೆಗೆ ಬಾಯಿ ಬಿಗಿಹಿಡಿದವರದು ಗೆಲುವು. ಗೆದ್ದವರು ಊಟಕ್ಕೆ ಮುಂಚೆ ಒಂದು ಮಾತು ಹೇಳುತ್ತಾರೆ. ಅದನ್ನು ಯಾರೂ ತೆಗೆದುಹಾಕುವಂತಿಲ್ಲ, ಅದು ನಡೆಯದೆ ಎಲೆಗೆ ಅನ್ನ ಬೀಳುವಂತಿಲ್ಲ.

ಹೆಚ್ಚಾಗಿ ಗೆಲ್ಲುತ್ತಿದ್ದುದು ಮಾವನೇ. ಜನ್ಮವೆಲ್ಲ ಗೇಟು ಹಾಕಿದ ಮನುಷ್ಯನಿಗೆ ಬಾಯಿ ಹಾಕುವುದು ಎಷ್ಟರ ಕೆಲಸ! ಒಂದು ವರ್ಷ ದುರುಗಕ್ಕ ಗೆದ್ದು, ಗಂಡಸರೇ ಬಡಿಸಬೇಕು, ಹೆಂಗಸರು ಮೊದಲು ಉಣ್ಣಬೇಕು ಎಂದಳು. ಮೋಹನ್‌ಕುಮಾರ್ ಗೆದ್ದ ವರ್ಷ ತಮ್ಮನ ಮೀಸೆ ಹೋಯಿತು. ಪ್ರಸನ್ನಕುಮಾರ್ ಗೆದ್ದದ್ದು ಒಂದೇ ಸಲ. ಅಪ್ಪ ಎಲ್ಲರೆದುರು ಅಮ್ಮನ ಮುಂದೆ ಕೈಕಟ್ಟಿ ನಿಂತು, ನನ್ನನ್ನು ಮದುವೆಯಾಗ್ತೀಯಾ ಎಂದು ಕೇಳಬೇಕೆಂದ. ಚಿಕ್ಕತಿಮ್ಮಪ್ಪ ಕಿವಿಯವರೆಗೂ ಕೆಂಪಾಗಿ ಕೇಳಿದರು. ಚಂದ್ರಕ್ಕ ಸೆರಗು ಕೊಡವಿ, ‘ಗೊತ್ತಿದ್ದೂ ಗೊತ್ತಿದ್ದೂ ಎಲ್ಡನೇ ಸಲ ಬಾವಿಗೆ ಬೀಳಾಕೆ ನನಗೇನು ಹುಚ್ಚು ಹಿಡಿದೈತಾ?’ ಎಂದಳು.

ಅನುಸೂಯ ಮಾತ್ರ ಒಂದು ವರ್ಷವೂ ಮೊದಲ ತಿರುವು ದಾಟಲಿಲ್ಲ. ಗಂಡ ಹೆಚ್ಚೇನೂ ಮಾಡುತ್ತಿರಲಿಲ್ಲ. ಕಿಟಕಿಯ ಕಡೆ ನೋಡುತ್ತ, ಸ್ಟೇಷನ್ನಿನ ಧ್ವನಿವರ್ಧಕದ ಮೂಗಿನ ದನಿಯಲ್ಲಿ ಹೇಳುವನು: ‘ಪ್ರಯಾಣಿಕರು ದಯವಿಟ್ಟು ಗಮನಿಸಿ. ಅನುಸೂಯಮ್ಮನವರ ನಗು ಹೊಳಲ್ಕೆರೆ ಬಿಟ್ಟಿದ್ದು, ಇನ್ನು ಕೆಲವೇ ಕ್ಷಣಗಳಲ್ಲಿ ಆಗಮಿಸಲಿದೆ.’ ಅವಳು ತುಟಿ ಕಚ್ಚುವಳು, ಮೂಗು ಹಿಡಿಯುವಳು, ಬಾಯಿಗೆ ಸೆರಗು ತುರುಕಿಕೊಳ್ಳುವಳು. ಕೊನೆಗೆ ಹೊಟ್ಟೆ ಹಿಡಿದುಕೊಂಡು ಹಿಂದಿನ ಸೀಟಿಗೆ ಹೋಗುವಳು. ಮಧ್ಯಾಹ್ನ ಅವಳು ಪಾತ್ರೆಗಳ ರಾಶಿಯ ಮುಂದೆ ಕುಳಿತಾಗ, ನಗಿಸಿದವನೇ ಪಂಚೆ ಎತ್ತಿ ಕಟ್ಟಿ ಬಂದು ಹುಣಸೆಹಣ್ಣು ಹಚ್ಚುತ್ತ ಕೂರುತ್ತಿದ್ದ.

ತೊಂಬತ್ತೆಂಟರ ಆಷಾಢದಲ್ಲಿ ಪ್ರಸನ್ನಕುಮಾರ್ ಸತ್ತ. ಅಂಗಡಿಯಲ್ಲಿ ಟ್ಯೂಬಿಗೆ ತೇಪೆ ಹಾಕುತ್ತಿದ್ದವನು ಎದೆ ಉರಿ ಎಂದು ಗೋಡೆಗೆ ಒರಗಿದ. ಎದುರಂಗಡಿಯವರು ಸೋಡಾ ತರುವುದರೊಳಗೆ ಆಗಿಹೋಗಿತ್ತು. ಅನುಸೂಯ ಅಂದು ಎಲ್ಲರಂತೆ ಅತ್ತಳು. ದಿನಗಳು ಕಳೆದಂತೆ ಅಳುವುದೂ ನಿಂತಿತು. ನಿಂತದ್ದು ನಿಂತೇ ಹೋಯಿತು.

ತಿಥಿ ಮುಗಿದ ಮರುದಿನ ಚಿಕ್ಕತಿಮ್ಮಪ್ಪ ಮನೆಯವರನ್ನೆಲ್ಲ ಹಿತ್ತಿಲಿಗೆ ಕರೆದು, ಅನುಸೂಯಳಿಗೆ ಕೇಳಿಸದಂತೆ ಎಂದುಕೊಂಡು, ಅವಳಿಗೆ ಚೆನ್ನಾಗಿಯೇ ಕೇಳಿಸುವಂತೆ ಹೇಳಿದರು: ‘ಇನ್ಮೇಲೆ ಮನೇಲಿ ಆ ಹೆಸರು ಎತ್ತಬ್ಯಾಡ್ರಿ. ಆ ಹುಡುಗಿ ನೋಯ್ತಾಳೆ.’ ಯಾರೂ ಎತ್ತಲಿಲ್ಲ. ಇಂಥ ವಿಷಯದಲ್ಲಿ ಆ ಮನೆಯವರ ಒಗ್ಗಟ್ಟು ಹೇಳತೀರದು. ‘ಪ್ರಸನ್ನ ಹೋದ ಮೇಲೆ’ ಎನ್ನಬೇಕಾದಲ್ಲಿ ‘ಅದಾದ ಮೇಲೆ’ ಎಂದರು. ಫೋಟೋವನ್ನು ಹಜಾರದಿಂದ ತೆಗೆದು ಅತ್ತೆಯ ಟ್ರಂಕಿಗೆ ಸೇರಿಸಿದರು. ಮೋಹನ್‌ಕುಮಾರ್ ಅಂಗಡಿಯ ‘ಪ್ರಸನ್ನ ಸೈಕಲ್ ಮಾರ್ಟ್’ ಬೋರ್ಡಿಗೆ ಬಣ್ಣ ಬಳಿಸಿ ‘ಶ್ರೀ ಗಣೇಶ’ ಎಂದು ಬರೆಸಿದ. ರಮ್ಯಾ ಒಮ್ಮೆ ಉಣ್ಣುತ್ತ ‘ಅಪ್ಪಂಗೆ ಈ ಚಟ್ನಿ...’ ಎಂದಾಗ ವೀರಮ್ಮ ಅವಳ ತೊಡೆ ಚಿವುಟಿದ್ದನ್ನು ಅನುಸೂಯ ನೋಡಿದಳು. ಮಗು ಮತ್ತೆ ಆ ಮಾತು ಆಡಲಿಲ್ಲ. ಪ್ರೀತಿಯಿಂದ ಮಾಡಿದ್ದೇ ಎಲ್ಲ. ಪ್ರೀತಿ ಇಷ್ಟೊಂದು ದಡ್ಡತನ ಮಾಡಬಾರದಿತ್ತು ಎಂದು ಈಗ ಹೇಳಬಹುದು.

ಏಕೆಂದರೆ ಆ ಹೆಸರನ್ನು ಅನುಸೂಯ ತಾನಾಗಿ ಹೇಳುವಂತಿರಲಿಲ್ಲ. ಮದುವೆಯ ದಿನ ಹೆಂಗಸರು ಬಾಗಿಲು ಅಡ್ಡಗಟ್ಟಿ ಹೇಳಿಸಿದ್ದೇ ಮೊದಲು, ಅದೇ ಕೊನೆ. ಆಮೇಲೆ ‘ಇವರು’, ‘ರಮ್ಯನ ಅಪ್ಪ’. ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯಸ್ಸು ಸವೆಯುತ್ತದೆಂದು ಅತ್ತೆ ಕಲಿಸಿದ್ದಳು. ಅವಳು ಹೇಳದಿದ್ದರೇನು, ಮನೆಯ ತುಂಬ ಬೇರೆಯವರು ಹೇಳುತ್ತಿದ್ದರು. ಮಾವ ಕರೆಯುತ್ತಿದ್ದರು, ಭಾವ ಬೈಯುತ್ತಿದ್ದರು, ಚಂದ್ರಕ್ಕ ಮಧ್ಯಾಹ್ನ ಬೀದಿಬಾಗಿಲಲ್ಲಿ ನಿಂತು ‘ಪರಸನ್ನಾ’ ಎಂದು ಅಂಗಡಿಗೆ ಕೇಳುವಂತೆ ಕೂಗುತ್ತಿದ್ದಳು. ಅನುಸೂಯ ಅದನ್ನು ಬರೀ ಕೇಳುತ್ತಿದ್ದಳು. ಈಗ ಆಯಸ್ಸು ಸವೆಯಲು ಏನೂ ಉಳಿದಿಲ್ಲ ಎಂದು ಒಂದು ದಿನ ನಲ್ಲಿಯ ಹತ್ತಿರ ಯಾರೂ ಇಲ್ಲದಾಗ ಪ್ರಯತ್ನಪಟ್ಟಳು. ತುಟಿ ಕೂಡಿತು, ದನಿ ಬರಲಿಲ್ಲ. ಕೊಡ ತುಂಬಿ ಹರಿಯಿತು, ಎತ್ತಿಕೊಂಡು ಬಂದಳು.

ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ದುಃಖ ಎಂದರೆ ಅದಕ್ಕೊಂದು ಬಿಸಿಯಾದರೂ ಇರುತ್ತದೆ, ಇದು ಅದಲ್ಲ. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಯಾರಾದರೂ ಕೂರು ಎಂದರೆ ಕೂರುವಳು, ಏಳು ಎಂದರೆ ಏಳುವಳು. ರಮ್ಯಾಳ ಜಡೆ ಹೆಣೆಯುತ್ತ, ಇದು ನನ್ನ ಮಗಳು ಎಂದು ತನಗೆ ತಾನೇ ಹೇಳಿಕೊಳ್ಳಬೇಕಾಗುತ್ತಿತ್ತು. ಬೀದಿಯವರು ‘ಗಟ್ಟಿ ಹೆಣ್ಣು, ಹೆಂಗೆ ತಡಕಂಡೈತೆ ನೋಡ್ರಿ’ ಎಂದು ಹೊಗಳಿದರು. ಜನಕ್ಕೆ ಗಟ್ಟಿತನಕ್ಕೂ ಮರಗಟ್ಟಿರುವುದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ.

ಮರುವರ್ಷದ ಸಂಕ್ರಾಂತಿ ಪ್ರಯಾಣವಿಲ್ಲದೆ ಕಳೆಯಿತು. ಆ ವರ್ಷದ ಕೊನೆಗೆ ಜವನಗೊಂಡನಹಳ್ಳಿಯಿಂದ ಅವಳ ಅಣ್ಣ ಮುರುಗಪ್ಪ ಬಂದ. ಜಗಲಿಯ ಮೇಲೆ ತಂಗಿಯೊಬ್ಬಳೇ ಇದ್ದಾಗ, ಕಾಫಿ ಲೋಟ ಕೆಳಗಿಡುತ್ತ ಹೇಳಿದ: ‘ಊರಿಗೆ ಬಂದ್ಬಿಡಮ್ಮ. ರಮ್ಯನ್ನ ಅಲ್ಲೇ ಸ್ಕೂಲಿಗೆ ಹಾಕಾಣ. ಪ್ರಸನ್ನ ಭಾವ ಇದ್ದಿದ್ರೆ ಮಾತು ಬ್ಯಾರೆ.’

ಅನುಸೂಯಳ ಎದೆಯಲ್ಲಿ ಏನೋ ಚುಳ್ಳೆಂದಿತು. ಜೋಮು ಹಿಡಿದ ಕಾಲಿಗೆ ರಕ್ತ ಬರುವಾಗ ಆಗುತ್ತದಲ್ಲ, ಅಷ್ಟೇ, ಒಂದು ಕ್ಷಣ. ಮತ್ತೆ ಹೋಯಿತು. ಒಂದೂವರೆ ವರ್ಷದಲ್ಲಿ ಮೊದಲ ಬಾರಿ ಆ ಹೆಸರು ಕಿವಿಗೆ ಬಿದ್ದಿತ್ತು. ತನಗೆ ಬೇಕಾಗಿರುವುದು ಏನೆಂದು ಆಗ ಅವಳಿಗೆ ಗೊತ್ತಾಯಿತು. ಆದರೆ ಮಾವನ ಮುಂದೆ ನಿಂತು ನಿಮ್ಮ ಮಗನ ಹೆಸರು ಹೇಳಿ ಎಂದು ಯಾವ ಸೊಸೆ ಕೇಳುತ್ತಾಳೆ? ‘ಸಂಕ್ರಾಂತಿ ಆಗ್ಲಿ ಅಣ್ಣ, ಹೇಳ್ತೀನಿ’ ಎಂದಳು. ಮಾರಿಕಣಿವೆಯಲ್ಲಿ, ಗಂಡ ಅಷ್ಟು ಕುಣಿದ ಜಾಗದಲ್ಲಿ, ಒಬ್ಬರಾದರೂ ಆ ಹೆಸರು ಎತ್ತಿದರೆ ಈ ಮನೆಯಲ್ಲಿ ಇರುವುದು. ಅಲ್ಲೂ ಎತ್ತದಿದ್ದರೆ ಮಗಳನ್ನು ಕರೆದುಕೊಂಡು ಹೊರಡುವುದು. ಹೀಗೆಂದು ತೀರ್ಮಾನಿಸಿ ಒಳಗೆ ಹೋಗಿ ಅಕ್ಕಿ ತೊಳೆದಳು.

ಎರಡು ಸಾವಿರದ ಇಸವಿಯ ಸಂಕ್ರಾಂತಿ ಬಂತು. ಮಕ್ಕಳ ಮುಖ ನೋಡಿ ಹೋಗೋಣವೆಂದು ಹಿರಿಯರು ಒಪ್ಪಿದರು. ಬಿಗಿಬಾಯಿ ಮಾತ್ರ ಈ ಸಲ ಬೇಡ ಎಂದು ಮೋಹನ್‌ಕುಮಾರ್ ಎರಡೂ ಮನೆಯವರಿಗೂ, ಮಕ್ಕಳಿಗೂ, ಮದಕರಿಪುರದಿಂದ ಬಂದ ದುರುಗಕ್ಕನಿಗೂ ಪ್ರತ್ಯೇಕವಾಗಿ ಹೇಳಿದ. ಹೇಳಲು ಮರೆತದ್ದು ಓಬಯ್ಯನಿಗೆ.

ಗಣಪತಿಗೆ ಕಾಯಿ ಒಡೆಸಿ ವ್ಯಾನು ಹೊಸದುರ್ಗದ ಕಡೆಗೆ ತಿರುಗಿತು. ಓಬಯ್ಯ ಎಂದಿನಂತೆ ಉದ್ದಕ್ಕೆ ಹಾರ್ನ್ ಹೊಡೆದ. ಎಲ್ಲರ ಬಾಯಿ ಎಂದಿನಂತೆ ಮುಚ್ಚಿಕೊಂಡಿತು. ಆಟ ಬೇಡ ಎಂದು ಬಾಯಿ ತೆರೆದು ಹೇಳಬಹುದಿತ್ತು. ಹೇಳಿದರೆ ಏಕೆ ಬೇಡ ಎಂಬುದನ್ನೂ ಹೇಳಿದಂತೆ. ಹಾಗಾಗಿ ಯಾರೂ ಉಸಿರೆತ್ತಲಿಲ್ಲ. ಸಂತೆಗೆ ಹೋಗುವವರು ದಾರಿಯಲ್ಲಿ ನಿಂತು ನೋಡುವಂತೆ, ತುಂಬಿದ ವ್ಯಾನೊಂದು ಒಂದು ಮಾತೂ ಇಲ್ಲದೆ ಹೋಗುತ್ತಿತ್ತು.

ಈ ಉಸಿರು ಕಟ್ಟುವುದನ್ನು ತಡೆಯಲಾರದೆ ಹೋದವಳು ದುರುಗಕ್ಕ. ಆ ವರ್ಷ ಅವಳು ಹೊಸದಾಗಿ ಹಲ್ಲಿನ ಸೆಟ್ಟು ಹಾಕಿಸಿಕೊಂಡಿದ್ದಳು. ಅದನ್ನು ಕೈಗೆ ತೆಗೆದುಕೊಂಡು, ಬೋಳು ಬಾಯಲ್ಲಿ, ‘ನಾನಂತೂ ಬಾಯಿ ಬಿಗಿಹಿಡಿದೀನಿ, ಇದು ಏನಾರ ನಕ್ರೆ ನನ್ನನ್ನ ಕೇಳಬ್ಯಾಡ್ರಿ’ ಎಂದು ಆ ಹಲ್ಲುಗಳನ್ನು ಕಟಕಟ ಆಡಿಸಿದಳು. ಮೋಹನ್‌ಕುಮಾರನ ಮಕ್ಕಳು ಘೊಳ್ಳೆಂದು ನಕ್ಕರು. ರಮ್ಯಾ ತಾಯಿಯ ಮುಖ ನೋಡಿ, ತಡೆದು, ಆಗದೆ ನಕ್ಕಳು. ವೀರಮ್ಮ ಕಿಟಕಿಯ ಕಡೆ ತಿರುಗಿ ನಕ್ಕಳು. ಮೋಹನ್‌ಕುಮಾರ್ ಕೆಮ್ಮಿದಂತೆ ಮಾಡಿದ. ಚಂದ್ರಕ್ಕ ಕಣ್ಣೊರೆಸಿಕೊಳ್ಳುತ್ತ ನಕ್ಕಳು. ನಕ್ಕವರೆಲ್ಲ ತಪ್ಪು ಮಾಡಿದವರಂತೆ ಅನುಸೂಯಳ ಕಡೆ ನೋಡಿದರು.

ಅನುಸೂಯ ಆ ಹಲ್ಲುಗಳನ್ನೇ ನೋಡುತ್ತಿದ್ದಳು. ಇದು ನಗುವ ಸಂಗತಿ ಎಂದು ಅವಳಿಗೆ ತಿಳಿಯುತ್ತಿತ್ತು. ಹಿಂದೆಯಾಗಿದ್ದರೆ ಈ ಹೊತ್ತಿಗೆ ಸೀಟಿನಿಂದ ಕೆಳಗೆ ಬಿದ್ದಿರುತ್ತಿದ್ದೆ ಎಂಬುದೂ ನೆನಪಾಗುತ್ತಿತ್ತು. ಪಕ್ಕದ ಊರಿನವರ ಸುದ್ದಿ ಕೇಳಿದಷ್ಟೇ ಅದು ಅವಳನ್ನು ಮುಟ್ಟಿತು.

ಉಳಿದವರು ಮಾವ ಮತ್ತು ಸೊಸೆ. ಮುಂದಿನ ಸೀಟಿನಲ್ಲಿದ್ದ ಚಿಕ್ಕತಿಮ್ಮಪ್ಪ ಹಿಂದೆ ತಿರುಗಿ ಅವಳ ಮುಖವನ್ನು ಬಹಳ ಹೊತ್ತು ನೋಡಿದರು. ಅವರ ಬಾಯಿ ಗೆಲ್ಲಲೆಂದೇ ಹುಟ್ಟಿದ್ದು. ಆದರೂ ಹೊಸದುರ್ಗದ ಮೊದಲ ಮನೆಗಳು ಕಾಣುವಾಗ ಅವರು ‘ಹ್ಹೆ ಹ್ಹೆ’ ಎಂದರು. ಅಷ್ಟು ಕೆಟ್ಟ ಸುಳ್ಳು ನಗೆಯನ್ನು ಆ ವ್ಯಾನು ಯಾವತ್ತೂ ಕೇಳಿರಲಿಲ್ಲ. ‘ಸೋತೆ ಕಣಮ್ಮ’ ಎಂದರು. ಹೀಗೆ ಅನುಸೂಯ ಮೊದಲ ಬಾರಿಗೆ ಗೆದ್ದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮಾರಿಕಣಿವೆಯಲ್ಲಿ ನೀರು ಚೆನ್ನಾಗಿತ್ತು. ಕಟ್ಟೆಯ ಕೆಳಗಿನ ಮರದಡಿ ಜಮಖಾನ ಹಾಸಿ, ಬುತ್ತಿ ಬಿಚ್ಚಿ, ಎಲೆ ಹಾಕಿದರು. ಅನ್ನ ಬಡಿಸಬೇಕೆಂದರೆ ಗೆದ್ದವಳ ಮಾತು ಬೇಕು. ಮುರುಗಪ್ಪ ಬಂದುಹೋದದ್ದು ಎಲ್ಲರಿಗೂ ಗೊತ್ತಿತ್ತು. ‘ತವರಿಗೆ ಕಳಿಸ್ರಿ ಅಂತಾಳೆ, ನೋಡ್ತಿರಿ’ ಎಂದು ವೀರಮ್ಮ ಗಂಡನ ಕಿವಿಯಲ್ಲಿ ಹೇಳಿದ್ದು ಕಿವಿಯಲ್ಲಿಯೇ ಉಳಿಯಲಿಲ್ಲ. ಚಂದ್ರಕ್ಕ ರಮ್ಯಾಳನ್ನು ತನ್ನ ಕಡೆಗೆ ಎಳೆದುಕೊಂಡಳು.

‘ಏನಮ್ಮ, ಕೇಳು’ ಎಂದ ಮೋಹನ್‌ಕುಮಾರ್. ‘ಏನಾದ್ರೂ ಕೇಳು. ಇಲ್ಲ ಅನ್ನಂಗಿಲ್ಲ ನಾವು.’

ಅನುಸೂಯ ಎಲೆಯ ಮೇಲೆ ನೀರು ಚಿಮುಕಿಸುತ್ತಿದ್ದಳು. ಇದನ್ನು ಕೇಳಬಹುದಾದ ಜಾಗ ಇದೊಂದೇ, ಹೊತ್ತು ಇದೊಂದೇ ಎಂದು ಅವಳಿಗೆ ಗೊತ್ತಿತ್ತು. ತಲೆ ಎತ್ತದೆ ಹೇಳಿದಳು: ‘ಅವ್ರ ಹೆಸರು ಹೇಳ್ರಿ. ಎಲ್ಲರೂ. ಒಬ್ಬೊಬ್ಬರಾಗಿ ಹೇಳ್ರಿ.’

ದುರುಗಕ್ಕ ಎಲ್ಲರಿಗಿಂತ ಮೊದಲು ಚೇತರಿಸಿಕೊಂಡು, ‘ಪ್ರಸನ್ನ ಕಣೆ, ನನ್ನ ಕಂದ ಪ್ರಸನ್ನ’ ಎಂದು ಗೊಳೋ ಎಂದಳು. ಮೋಹನ್‌ಕುಮಾರ್ ಸ್ಕೂಲಿನ ಹಾಜರಿ ಕೂಗುವಂತೆ ‘ಪ್ರಸನ್ನಕುಮಾರ್’ ಎಂದ. ವೀರಮ್ಮ ಮೈದುನನ ಹೆಸರನ್ನು ಸೆರಗಿನೊಳಗೆ ಹೇಳಿದಳು. ಚಂದ್ರಕ್ಕ ‘ಪರಸನ್ನ’ ಎಂದವಳು ಮುಂದೆ ಏನೋ ಹೇಳಲು ಹೋಗಿ ನಿಲ್ಲಿಸಿದಳು. ಮಕ್ಕಳು ಹೇಳಿದರು. ರಮ್ಯಾ ಮೆಲ್ಲಗೆ ‘ನಮ್ಮಪ್ಪ ಪ್ರಸನ್ನಕುಮಾರ್’ ಎಂದು, ಚಿವುಟುತ್ತಾರೇನೋ ಎಂದು ಸುತ್ತ ನೋಡಿದಳು.

ಚಿಕ್ಕತಿಮ್ಮಪ್ಪನವರ ಸರದಿ ಬಂತು. ತುಟಿ ಕೂಡಿತು, ದನಿ ಬರಲಿಲ್ಲ. ಅನುಸೂಯಳಿಗೆ ಆ ಪಾಡು ಗೊತ್ತಿತ್ತು. ‘ನೀನು ನೋಯ್ತೀಯ ಅಂತ ಹೇಳಿದ್ದೆ ಕಣಮ್ಮ ಆವತ್ತು’ ಎಂದರು ಅವರು. ‘ಸುಳ್ಳು. ನನಗೇ ಕೇಳಾಕೆ ಆಗ್ತಿರ್ಲಿಲ್ಲ. ಈಗ್ಲೂ ಬಾಯಿಗೆ ಬರವಲ್ದು.’

‘ಬಿಡ್ರಿ ಮಾವ’ ಎಂದಳು ಅನುಸೂಯ. ವೀರಮ್ಮನ ಕಡೆ ತಿರುಗಿ, ‘ಬಡಿಸ್ರಿ ಅಕ್ಕ’ ಎಂದಳು.

ಅವಳು ಕಾಯುತ್ತಿದ್ದಳು. ಅಷ್ಟು ಜನ ಹೇಳಿದರಲ್ಲ, ಅಣ್ಣ ಹೇಳಿದಾಗ ಆದಂತೆ ಒಳಗೆ ಏನಾದರೂ ಚುಳ್ಳೆನ್ನುತ್ತದೆ ಎಂದು. ಏನೂ ಆಗಲಿಲ್ಲ. ಕೇಳಿ ಹೇಳಿಸಿಕೊಂಡ ಹೆಸರುಗಳು ಬಂದವು, ಹೋದವು. ಯಾರೋ ಸಮಾರಂಭದಲ್ಲಿ ವಂದನಾರ್ಪಣೆ ಮಾಡಿದಂತಿತ್ತು. ಹುಳಿಯನ್ನದ ತುತ್ತು ಬಾಯಲ್ಲಿಟ್ಟಳು, ಅದಕ್ಕೂ ರುಚಿಯಿರಲಿಲ್ಲ. ಇನ್ನು ಇದು ಹೀಗೆಯೇ, ಇಲ್ಲಿದ್ದರೂ ಇಷ್ಟೇ, ಜವನಗೊಂಡನಹಳ್ಳಿಗೆ ಹೋದರೂ ಇಷ್ಟೇ ಎಂದುಕೊಂಡಳು. ಹೆದರಿಕೆಯೂ ಆಗಲಿಲ್ಲ.

ಊಟ ಸಾಗಿತು. ಹೊಟ್ಟೆಗೆ ಬೀಳುತ್ತಿದ್ದಂತೆ ಮಾತು ಒಂದೊಂದಾಗಿ ಮರಳಿತು. ಉಪ್ಪಿನಕಾಯಿಗೆ ಖಾರ ಹೆಚ್ಚಾಯಿತೆಂದು ಮೋಹನ್‌ಕುಮಾರ್, ಕಡಿಮೆಯಾಯಿತೆಂದು ದುರುಗಕ್ಕ. ಮಕ್ಕಳು ಹಪ್ಪಳಕ್ಕೆ ಜಗಳ ತೆಗೆದರು. ಚಿಕ್ಕತಿಮ್ಮಪ್ಪ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಆ ಖಾರವೇ ನೆತ್ತಿಗೆ ಹತ್ತಿತೋ ಏನೋ, ಒಮ್ಮೆಲೇ ಕೆಮ್ಮು ಬಂದು, ಕಣ್ಣಲ್ಲಿ ನೀರು ತುಂಬಿ, ಎಡಗೈಯನ್ನು ಪಕ್ಕಕ್ಕೆ ಚಾಚಿ, ಅತ್ತ ನೋಡದೆಯೇ ಕೂಗಿದರು:

‘ಲೇ ಪ್ರಸನ್ನಾ, ನೀರು ತಗಂಬಾರೋ!’

ಕೂಗಿದ್ದು ಅವರಿಗೇ ತಿಳಿದಿರಲಿಲ್ಲ. ಚಾಚಿದ ಕೈ ಹಾಗೆಯೇ ಕಾಯುತ್ತಿತ್ತು. ಉಳಿದವರ ಕೈಯೆಲ್ಲ ಎಲೆಯ ಮೇಲೆ ನಿಂತಿತ್ತು. ಚಂದ್ರಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು.

ಅನುಸೂಯ ಎದ್ದಳು. ಕೊಡದಿಂದ ಚೊಂಬಿಗೆ ನೀರು ಬಗ್ಗಿಸಿದಳು. ಎದೆಯೊಳಗೆ ಶುರುವಾದದ್ದು ಈ ಸಲ ನಿಲ್ಲಲಿಲ್ಲ. ಕಣ್ಣು ತುಂಬಿತು. ಕಾಲು ಎಲ್ಲಿ ಇಡುತ್ತಿದ್ದೇನೆಂದು ಕಾಣದೆ ನಡೆದು ಹೋಗಿ, ಮಾವನ ಕೈಗೆ ಚೊಂಬು ಹಿಡಿಸಿದಳು. ಅವರು ತಲೆ ಎತ್ತಿ ನೋಡಿದರು.

‘ಪ್ರಸನ್ನ ಇಲ್ಲ ಮಾವ’ ಎಂದಳು ಅನುಸೂಯ. ‘ಸತ್ತೋದ್ರು. ನಾನಿದೀನಿ, ಕುಡೀರಿ.’

ಅಷ್ಟು ಹೇಳಿ ಅವರ ಎಲೆಯ ಮುಂದೆಯೇ ನೆಲದ ಮೇಲೆ ಕುಸಿದು ಕುಳಿತು, ಬಾಯಿಬಿಟ್ಟು ಅತ್ತಳು.